ಹಳೇ ವರ್ಷದ ತೆರಿಗೆ ನೋಟಿಸ್ ಬಂದರೆ: ಮೊದಲು ತಾರೀಖು ನೋಡಿ, ಆಮೇಲೆ ಕಾನೂನು

ಶಿವಮೊಗ್ಗದ ಅಡಿಕೆ ಮಂಡಿಯವರಿರಲಿ, ತೀರ್ಥಹಳ್ಳಿ ಕಡೆಯ ತೋಟದವರಿರಲಿ, ಸಾಗರದಲ್ಲಿ ಲಾಡ್ಜ್ ಕಟ್ಟಿದವರಿರಲಿ, ಹಳೇ ವರ್ಷದ ತೆರಿಗೆ ನೋಟಿಸ್ ಬಂದಾಗ ಎಲ್ಲರೂ ಕೇಳುವುದು ಎರಡೇ ಪ್ರಶ್ನೆ. "ಇಷ್ಟು ವರ್ಷ ಆದಮೇಲೆ ಕೇಳಬಹುದಾ ಮಾರಾಯ್ರೆ?" ಅನ್ನುವುದು ಮೊದಲನೆಯದು. "ಆವಾಗ ಇಲ್ಲದ ಕಾನೂನನ್ನು ಈಗ ತಂದು ಹಿಂದಿನ ವ್ಯವಹಾರಕ್ಕೆ ಹಾಕೋದು ಯಾವ ನ್ಯಾಯ?" ಅನ್ನುವುದು ಎರಡನೆಯದು.

ಎರಡೂ ಸರಿಯಾದ ಪ್ರಶ್ನೆಗಳೇ. ಆದರೆ ಎರಡರ ತೂಕ ಒಂದೇ ಅಲ್ಲ. ಅವಧಿ ಮೀರಿದೆ ಎಂಬ ವಾದಕ್ಕೆ ಬೇಕಾಗುವುದು ಕ್ಯಾಲೆಂಡರ್ ಮತ್ತು ನಾಲ್ಕು ಕಾಗದ. ಕಾನೂನೇ ತಪ್ಪು ಎಂಬ ವಾದಕ್ಕೆ ಹೈಕೋರ್ಟ್ ಬೇಕು, ದುಡ್ಡು ಬೇಕು, ವರ್ಷಗಟ್ಟಲೆ ತಾಳ್ಮೆಯೂ ಬೇಕು. ಅಷ್ಟಾದರೂ ಅಲ್ಲಿ ಗೆಲ್ಲುವವರು ಕಡಿಮೆ. ನಮ್ಮವರು ಮಾತ್ರ ಎರಡನೆಯದಕ್ಕೇ ಮೊದಲು ಕೈ ಹಾಕುತ್ತಾರೆ. ಆ ಭರದಲ್ಲಿ ಮೊದಲನೆಯದನ್ನು ಬರೆಯುವುದನ್ನೇ ಮರೆಯುತ್ತಾರೆ. ಹಾಗಾಗಿ ಇಲ್ಲಿ ತಾರೀಖಿಗೇ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಬಂದ ಕಾಗದ ಯಾವುದು?

ಮೊದಲು ನೋಟಿಸ್‌ನ ತಲೆಬರಹ ಓದಿ. ಅಲ್ಲಿ ಒಂದು ಸೆಕ್ಷನ್ ನಂಬರ್ ಇರುತ್ತದೆ. ಆದಾಯ ತೆರಿಗೆಯಲ್ಲಿ 143(1) ಎಂದಿದ್ದರೆ ಗಾಬರಿ ಬೇಡ, ಅದು ಕಂಪ್ಯೂಟರ್ ಲೆಕ್ಕ ಹಾಕಿ ಕಳಿಸುವ ತಿಳಿವಳಿಕೆ ಪತ್ರ. 143(2) ಎಂದಿದ್ದರೆ ನೀವು ಸಲ್ಲಿಸಿದ ರಿಟರ್ನ್ ಪರಿಶೀಲನೆಗೆ ಸಿಕ್ಕಿದೆ ಎಂದರ್ಥ. ರಿಟರ್ನ್ ಸಲ್ಲಿಸಿದ ಹಣಕಾಸು ವರ್ಷ ಮುಗಿದ ಮೂರು ತಿಂಗಳೊಳಗೆ ಅದು ಬರಬೇಕು. ಹಳೇ ವರ್ಷ ಕೆದಕುವ ನೋಟಿಸ್‌ಗಳು 148ಎ ಮತ್ತು 148. 148ಎ ಎಂದರೆ ಮೊದಲು ಕಾರಣ ಹೇಳಿ ಉತ್ತರ ಕೇಳುವುದು, 148 ಎಂದರೆ ಆ ವರ್ಷದ ಲೆಕ್ಕವನ್ನು ಮತ್ತೆ ತೆರೆಯುವುದು. ಇವೆರಡೇ ನಮ್ಮ ವಿಷಯ. ಜಿಎಸ್‌ಟಿಯಲ್ಲಾದರೆ ಡಿಆರ್‌ಸಿ-01 ಎಂಬ ಫಾರಂನಲ್ಲಿ ಷೋಕಾಸ್ ನೋಟಿಸ್‌ನ ಸಾರಾಂಶ ಇರುತ್ತದೆ. ಒಳಗೆ ಸೆಕ್ಷನ್ 73, 74 ಅಥವಾ 74ಎ ಎಂದು ಬರೆದಿರುತ್ತದೆ. ಯಾವುದು ಎಂಬುದರ ಮೇಲೆ ಕಾಲಮಿತಿ ನಿಂತಿದೆ.

ಆದಾಯ ತೆರಿಗೆ ಇಲಾಖೆಯ ಪತ್ರದಲ್ಲಿ ಡಿಐಎನ್ ಎಂಬ ಗುರುತಿನ ಸಂಖ್ಯೆ ಇರಬೇಕು. 2019ರ ಅಕ್ಟೋಬರ್ 1ರಿಂದ ಇದು ನಿಯಮ. ಇಲಾಖೆಯ ಪೋರ್ಟಲ್‌ನಲ್ಲಿ ಲಾಗಿನ್ ಇಲ್ಲದೆಯೂ ಆ ಸಂಖ್ಯೆ ಹಾಕಿ ನೋಟಿಸ್ ಅಸಲಿಯೋ ನಕಲಿಯೋ ನೋಡಬಹುದು. ಈಗಿನ ಕಾಲದಲ್ಲಿ ಇದನ್ನು ಬಿಡಬೇಡಿ. ನಕಲಿ ನೋಟಿಸ್ ಕಳಿಸಿ ದುಡ್ಡು ಕೇಳುವವರೂ ಇದ್ದಾರೆ.

ಜಿಎಸ್‌ಟಿಯಲ್ಲಿ ಇನ್ನೊಂದು ತಾಪತ್ರಯ. ನೋಟಿಸ್ ಅಂಚೆಯಲ್ಲಿ ಬರುವುದೇ ಇಲ್ಲ, ಪೋರ್ಟಲ್‌ಗೆ ಏರಿಸುತ್ತಾರೆ. ನೋಟಿಸ್‌ಗಳ ಪಟ್ಟಿ ಒಂದು ಕಡೆ, 'ಹೆಚ್ಚುವರಿ ನೋಟಿಸ್ ಮತ್ತು ಆದೇಶಗಳು' ಇನ್ನೊಂದು ಕಡೆ. ಬಹಳ ಜನ ಎರಡನೆಯದನ್ನು ತೆರೆದೇ ನೋಡಿರುವುದಿಲ್ಲ. ನೋಂದಣಿ ಮಾಡಿಸುವಾಗ ಕೊಟ್ಟ ಮೊಬೈಲ್ ನಂಬರ್ ಹಳೇ ಆಡಿಟರ್ ಆಫೀಸಿನ ಹುಡುಗನದ್ದಾಗಿರುತ್ತದೆ. ಆ ಹುಡುಗ ಕೆಲಸ ಬಿಟ್ಟು ಬೆಂಗಳೂರಿಗೆ ಹೋಗಿರುತ್ತಾನೆ. ಬ್ಯಾಂಕ್ ಖಾತೆ ಜಪ್ತಿಯಾದ ದಿನವೇ ವಿಷಯ ಗೊತ್ತಾಗುವುದು. ಈ ಲೇಖನ ಓದಿ ಮುಗಿಸುವ ಮೊದಲೇ ಬೇಕಾದರೆ ನಿಮ್ಮ ಪೋರ್ಟಲ್‌ನಲ್ಲಿ ಯಾರ ನಂಬರ್ ಇದೆ ನೋಡಿಬಿಡಿ.

ಆದಾಯ ತೆರಿಗೆ: ವರ್ಷ ಎಣಿಸುವ ಕ್ರಮ

ಎಣಿಕೆ ಶುರುವಾಗುವುದು ನೀವು ದುಡಿದ ವರ್ಷದಿಂದ ಅಲ್ಲ, ಅಸೆಸ್‌ಮೆಂಟ್ ವರ್ಷ ಮುಗಿದ ದಿನದಿಂದ. 2019-20ರಲ್ಲಿ ಅಡಿಕೆ ಮಾರಿದ್ದರೆ ಅದರ ಅಸೆಸ್‌ಮೆಂಟ್ ವರ್ಷ 2020-21. ಅದು ಮುಗಿದದ್ದು 2021ರ ಮಾರ್ಚ್ 31ಕ್ಕೆ. ಅಲ್ಲಿಂದ ಎಣಿಸಿ.

2024ರ ಸೆಪ್ಟೆಂಬರ್ 1ರಿಂದ ನಿಯಮ ಹೀಗಿದೆ. ಸಾಮಾನ್ಯ ಪ್ರಕರಣದಲ್ಲಿ 148ಎ ನೋಟಿಸ್ ಮೂರು ವರ್ಷದೊಳಗೆ ಬರಬೇಕು, 148ರ ನೋಟಿಸ್ ಮೂರು ವರ್ಷ ಮೂರು ತಿಂಗಳೊಳಗೆ. ತೆರಿಗೆಯಿಂದ ತಪ್ಪಿಸಿಕೊಂಡ ಆದಾಯ 50 ಲಕ್ಷ ಅಥವಾ ಜಾಸ್ತಿ ಎಂದು ತೋರಿಸುವ ದಾಖಲೆ ಅಧಿಕಾರಿಯ ಕೈಯಲ್ಲಿದ್ದರೆ ಈ ಮೂರು ಐದಾಗುತ್ತದೆ. ಅಂದರೆ 148ಎಗೆ ಐದು ವರ್ಷ, 148ಕ್ಕೆ ಐದು ವರ್ಷ ಮೂರು ತಿಂಗಳು.

2022-23ರ ಅಸೆಸ್‌ಮೆಂಟ್ ವರ್ಷ ತೆಗೆದುಕೊಳ್ಳಿ. ಅದು 2023ರ ಮಾರ್ಚ್ 31ಕ್ಕೆ ಮುಗಿಯಿತು. ಸಾಮಾನ್ಯ ಪ್ರಕರಣದಲ್ಲಿ 148ಎಗೆ ಕೊನೆ ದಿನ 2026ರ ಮಾರ್ಚ್ 31, 148ಕ್ಕೆ 2026ರ ಜೂನ್ 30. ದೊಡ್ಡ ಪ್ರಕರಣವಾದರೆ 2028ರ ಮಾರ್ಚ್ 31 ಮತ್ತು ಜೂನ್ 30.

ಇದಕ್ಕೂ ಮೊದಲು, 2021ರ ಏಪ್ರಿಲ್‌ನಿಂದ 2024ರ ಆಗಸ್ಟ್‌ವರೆಗೆ, ದೊಡ್ಡ ಪ್ರಕರಣಗಳಿಗೆ ಹತ್ತು ವರ್ಷ ಇತ್ತು. ಅದಕ್ಕೂ ಹಿಂದೆ, ವಿದೇಶಿ ಆಸ್ತಿಯ ಪ್ರಕರಣ ಬಿಟ್ಟರೆ, ಹೆಚ್ಚೆಂದರೆ ಆರು ವರ್ಷ. ನೋಟು ರದ್ದತಿ ಸಮಯದಲ್ಲಿ, 2016ರ ನವೆಂಬರ್‌ನಲ್ಲಿ, ಬ್ಯಾಂಕಿಗೆ ಕಟ್ಟಿದ ನಗದಿನ ಬಗ್ಗೆ ಈಗಲೂ ಭಯ ಇಟ್ಟುಕೊಂಡವರಿದ್ದಾರೆ. ಅದರ ಅಸೆಸ್‌ಮೆಂಟ್ ವರ್ಷ 2017-18. ಈಗಿನ ಲೆಕ್ಕದಲ್ಲಿ ಅದಕ್ಕೆ ಹೊಸದಾಗಿ 148ರ ನೋಟಿಸ್ ಕೊಡುವ ಕಾಲ ಮುಗಿದುಹೋಗಿದೆ. ಆದರೆ 2024ರ ಸೆಪ್ಟೆಂಬರ್ 1ಕ್ಕೆ ಮೊದಲೇ ಶುರುವಾದ ಕೇಸುಗಳು ಹಳೇ ನಿಯಮದಲ್ಲೇ ನಡೆಯುತ್ತವೆ. ಅಪೀಲಿನ ತೀರ್ಪನ್ನು ಜಾರಿ ಮಾಡಲು ಕೊಡುವ ನೋಟಿಸ್‌ಗೆ ಸೆಕ್ಷನ್ 150ರಲ್ಲಿ ಬೇರೆ ದಾರಿ ಇದೆ. ಐಟಿ ದಾಳಿ ನಡೆದ ಪ್ರಕರಣಗಳ ಲೆಕ್ಕವೂ ಬೇರೆ.

2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿದೆ. ಅಲ್ಲಿ ಅಸೆಸ್‌ಮೆಂಟ್ ವರ್ಷ ಎಂಬುದೇ ಇಲ್ಲ, ಬರೀ ತೆರಿಗೆ ವರ್ಷ. ಸೆಕ್ಷನ್ ನಂಬರ್‌ಗಳೂ ಬದಲಾಗಿವೆ. ಹಳೇ ವರ್ಷಗಳ ವ್ಯವಹಾರಕ್ಕೆ ಹಳೇ ಕಾಯ್ದೆಯೇ ಅನ್ವಯ. ಹಾಗಾಗಿ 148 ಎಂಬ ನಂಬರನ್ನು ಇನ್ನೂ ಕೆಲವು ವರ್ಷ ಮರೆಯುವ ಹಾಗಿಲ್ಲ.

ತಾರೀಖು ನೋಡುವಾಗ ಒಂದು ಸೂಕ್ಷ್ಮ ಇದೆ. ನೋಟಿಸ್ ಮೇಲೆ ಮಾರ್ಚ್ 31 ಎಂದು ಡಿಜಿಟಲ್ ಸಹಿ ಇರಬಹುದು, ಇ-ಮೇಲ್ ನಿಮಗೆ ಹೊರಟದ್ದು ಏಪ್ರಿಲ್ 1ಕ್ಕೆ ಇರಬಹುದು. 2021ರ ಮಾರ್ಚ್ ಕೊನೆಯಲ್ಲಿ ಹೀಗೆ ಸಾಕಷ್ಟು ಆಯಿತು. ಸಹಿ ಹಾಕಿದರೆ ಸಾಲದು, ಕಳಿಸಿದ ದಿನವೇ ನೋಟಿಸ್ ಕೊಟ್ಟ ದಿನ ಎಂದು ದೆಹಲಿ ಹೈಕೋರ್ಟ್ 2022ರಲ್ಲಿ ಹೇಳಿತು. ಆದ್ದರಿಂದ ಆ ಇ-ಮೇಲ್ ಅನ್ನು ಅಳಿಸಬೇಡಿ. ಪಿಡಿಎಫ್ ಮಾತ್ರ ಇಳಿಸಿಕೊಂಡು ಮೇಲ್ ತೆಗೆದುಹಾಕಿದರೆ ಆ ಸಮಯದ ಪುರಾವೆ ಹೋಯಿತು.

50 ಲಕ್ಷ ಅಂದರೆ ಯಾವ 50 ಲಕ್ಷ?

ಮಲೆನಾಡಿನವರು ಜಾಸ್ತಿ ಏಟು ತಿನ್ನುವುದು ಇಲ್ಲೇ. ಅಧಿಕಾರಿಯ ಪರದೆಯ ಮೇಲೆ ಕಾಣುವುದು ಬ್ಯಾಂಕ್ ಖಾತೆಗೆ ಬಂದ ಒಟ್ಟು ಮೊತ್ತ. ಕಾನೂನು ಕೇಳುವುದು ತೆರಿಗೆ ತಪ್ಪಿಸಿಕೊಂಡ ಆದಾಯ. ಎರಡೂ ಒಂದೇ ಅಲ್ಲ, ಅಲ್ವಾ?

ಒಂದು ಲೆಕ್ಕ ಹಾಕೋಣ. ಹೊಸನಗರದ ಒಬ್ಬ ಬೆಳೆಗಾರರು ಎಂದಿಟ್ಟುಕೊಳ್ಳಿ. 2019-20ರಲ್ಲಿ ಅವರ ಖಾತೆಗೆ 68 ಲಕ್ಷ ಬಂದಿದೆ, ರಿಟರ್ನ್ ಹಾಕಿಲ್ಲ. 2026ರ ಫೆಬ್ರವರಿಯಲ್ಲಿ 148ಎ ನೋಟಿಸ್ ಬಂತು. ಮೂರು ವರ್ಷ 2024ರ ಮಾರ್ಚ್ 31ಕ್ಕೇ ಮುಗಿದಿದೆ. ಐದು ವರ್ಷ ಮುಗಿಯಲು ಇನ್ನೂ ತಿಂಗಳಿದೆ. ಅಂದರೆ ತಪ್ಪಿಸಿಕೊಂಡ ಆದಾಯ 50 ಲಕ್ಷ ಮುಟ್ಟಿದರೆ ಮಾತ್ರ ಈ ನೋಟಿಸ್ ಬದುಕುತ್ತದೆ.

ಈಗ ಪಾಸ್‌ಬುಕ್ ಬಿಡಿಸಿ. 41 ಲಕ್ಷ ಮಂಡಿಯಿಂದ ಬಂದದ್ದು, ಎರಡು ವರ್ಷ ಕಟ್ಟಿಟ್ಟಿದ್ದ ರಾಶಿ ಇಡಿ ಮತ್ತು ಬೆಟ್ಟೆ ಅಡಿಕೆ ಒಟ್ಟಿಗೆ ಮಾರಿದ್ದು. 14 ಲಕ್ಷ ಮನೆ ಸಾಲ. 9 ಲಕ್ಷ ಅವಧಿ ಮುಗಿದ ಠೇವಣಿ ವಾಪಸ್ ಬಂದದ್ದು. ಇನ್ನುಳಿದ 4 ಲಕ್ಷದ ಮೂಲ ಹೇಳಲು ಕಾಗದ ಇಲ್ಲ. ಅಡಿಕೆ ಸುಲಿದು, ಬೇಯಿಸಿ, ಒಣಗಿಸಿ ಮಾರಿದರೂ ಅದು ಕೃಷಿ ಆದಾಯವೇ. ಬೆಳೆ ಮಾರುಕಟ್ಟೆಗೆ ಒಯ್ಯುವಂತಾಗಲು ಬೆಳೆಗಾರರು ಸಾಮಾನ್ಯವಾಗಿ ಮಾಡುವ ಕೆಲಸ ಎಂದು ಕಾಯ್ದೆಯಲ್ಲೇ ಇದಕ್ಕೆ ಜಾಗ ಇದೆ. ಸೆಕ್ಷನ್ 10(1)ರಲ್ಲಿ ಅದಕ್ಕೆ ತೆರಿಗೆ ಇಲ್ಲ. ಸಾಲ ಆದಾಯವಲ್ಲ. ಠೇವಣಿಯ ಅಸಲು ಆದಾಯವಲ್ಲ, ಬಡ್ಡಿ ಮಾತ್ರ ಆದಾಯ. ಕೊನೆಗೆ ಪ್ರಶ್ನೆ ಉಳಿಯುವುದು 4 ಲಕ್ಷ ಮತ್ತು ಒಂದಿಷ್ಟು ಬಡ್ಡಿಯದ್ದು. 50 ಲಕ್ಷದ ಹತ್ತಿರವೂ ಇಲ್ಲ. ಮೂರು ವರ್ಷದ ಮಿತಿಯೇ ಅನ್ವಯ, ಅದು ಮುಗಿದಿದೆ.

ಇದನ್ನು ತೋರಿಸಲು ಬೇಕಾದದ್ದು ಮಂಡಿಯ ಪಟ್ಟಿ. ಯಾವ ತಾರೀಖು, ಎಷ್ಟು ಚೀಲ, ಯಾವ ತರಗತಿ, ಕ್ವಿಂಟಾಲ್ ದರ, ಹಮಾಲಿ ಮತ್ತು ಇತರ ಖರ್ಚು ಕಳೆದು ನಿವ್ವಳ ಎಷ್ಟು, ಎಲ್ಲವೂ ಅದರಲ್ಲಿ ಇರುತ್ತದೆ. ಮಾಮ್‌ಕೋಸ್‌ನಂಥ ಸಹಕಾರ ಸಂಘದಲ್ಲಿ ಹಾಕಿದ್ದರೆ ಹಳೇ ವರ್ಷದ ಲೆಕ್ಕ ಕೇಳಿ ಪಡೆಯಲು ನೋಡಿ. ಜತೆಗೆ ಆ ವರ್ಷದ ಪಹಣಿ ಬೇಕು, ಬೆಳೆ ಕಾಲಂನಲ್ಲಿ ಅಡಿಕೆ ಎಂದಿರಬೇಕು. ಒಂದು ಎಕರೆ ತೋಟದ ಪಹಣಿ ಇಟ್ಟುಕೊಂಡು ಅರವತ್ತು ಕ್ವಿಂಟಾಲ್ ಮಾರಿದ ಪಟ್ಟಿ ತೋರಿಸಿದರೆ ಯಾರೂ ನಂಬುವುದಿಲ್ಲ. ಇನ್ನೊಬ್ಬರ ತೋಟದ ಫಸಲು ಖೇಣಿಗೆ (ಗುತ್ತಿಗೆಗೆ) ಹಿಡಿದು ಮಾರಿದ್ದರೆ ಅದನ್ನು ನಿಮ್ಮ ಕೃಷಿ ಆದಾಯ ಎಂದು ತೋರಿಸಲು ಹೋಗಬೇಡಿ, ಅದು ವ್ಯಾಪಾರ.

ಆಸ್ತಿ ಮಾರಿದ ಪ್ರಕರಣದಲ್ಲೂ ಇದೇ ತತ್ವ. ಸೈಟು 55 ಲಕ್ಷಕ್ಕೆ ಹೋದ ಮಾತ್ರಕ್ಕೆ ಆದಾಯ 55 ಲಕ್ಷ ಆಗುವುದಿಲ್ಲ, ಕೊಂಡ ಬೆಲೆ ಕಳೆಯಬೇಕು. 50 ಲಕ್ಷದ ಮಿತಿ ನೋಡುವಾಗ ಪೂರ್ತಿ ಮಾರಾಟ ಬೆಲೆ ಹಿಡಿಯುವ ಹಾಗಿಲ್ಲ, ಲಾಭ ಎಷ್ಟು ನೋಡಿ ಎಂದು ಕರ್ನಾಟಕ ಹೈಕೋರ್ಟ್ 2023ರಲ್ಲಿ ಹೇಳಿದೆ. ನಮ್ಮ ರಾಜ್ಯದ ಹೈಕೋರ್ಟಿನ ಮಾತು ಇಲ್ಲಿನ ಅಧಿಕಾರಿಗಳಿಗೆ ಕಟ್ಟುಪಾಡು. ಉತ್ತರದಲ್ಲಿ ತಪ್ಪದೆ ಬರೆಯಿರಿ.

ಉತ್ತರ ಬರೆಯುವುದು

148ಎ ನೋಟಿಸ್‌ಗೆ ಉತ್ತರಿಸಲು ಎಷ್ಟು ದಿನ ಎಂದು ನೋಟಿಸ್‌ನಲ್ಲೇ ಇರುತ್ತದೆ. ಸಾಲದಿದ್ದರೆ ಪೋರ್ಟಲ್‌ನಲ್ಲೇ ಹೆಚ್ಚು ಸಮಯ ಕೇಳಿ. ಫೋನಿನಲ್ಲಿ ಕೇಳಿದ್ದಕ್ಕೆ ದಾಖಲೆ ಇರುವುದಿಲ್ಲ.

ಉತ್ತರದ ಮೊದಲ ಪ್ಯಾರಾದಲ್ಲೇ ಕಾಲಮಿತಿ ಬರಲಿ. "ಈ ನೋಟಿಸ್ ಅವಧಿ ಮೀರಿ ಬಂದಿದೆ, ಇಂಥ ವರ್ಷ ಇಂಥ ದಿನ ಮುಗಿದಿದೆ, ತಪ್ಪಿಸಿಕೊಂಡ ಆದಾಯ 50 ಲಕ್ಷ ಇಲ್ಲ" ಎಂದು ನೇರವಾಗಿ ಬರೆಯಿರಿ. ಆಮೇಲೆ "ಈ ಆಕ್ಷೇಪ ಉಳಿಸಿಕೊಂಡೇ ಮುಂದಿನ ವಿವರ ಕೊಡುತ್ತಿದ್ದೇನೆ" ಎಂದು ಸೇರಿಸಿ ಪಟ್ಟಿ, ಪಹಣಿ, ಸಾಲದ ಪತ್ರ ಲಗತ್ತಿಸಿ. ಬಹಳ ಜನ ಬರೀ ದಾಖಲೆ ಕೊಟ್ಟು ಸುಮ್ನೆ ಕೂರುತ್ತಾರೆ. ಹೈಕೋರ್ಟಿಗೆ ಹೋದಾಗ ನ್ಯಾಯಮೂರ್ತಿಗಳು ಮೊದಲು ಕೇಳುವುದೇ "ಇದನ್ನು ಅಧಿಕಾರಿಯ ಮುಂದೆ ಹೇಳಿದ್ರಾ?" ಎಂದು.

ಜತೆಗೆ ಎರಡು ಕಾಗದ ಕೇಳಿ. ಒಂದು, ಅಧಿಕಾರಿ ಯಾವ ಮಾಹಿತಿ ಇಟ್ಟುಕೊಂಡು ನೋಟಿಸ್ ಕೊಟ್ಟರು ಎಂಬುದರ ಪ್ರತಿ. ಕಾರಣ ಕೊಡಬೇಕು, ಆಕ್ಷೇಪ ಕೇಳಬೇಕು, ಅದಕ್ಕೆ ಕಾರಣಸಹಿತ ಆದೇಶ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2002ರಲ್ಲಿ ಜಿಕೆಎನ್ ಡ್ರೈವ್‌ಶಾಫ್ಟ್ಸ್ ಪ್ರಕರಣದಲ್ಲಿ ಹೇಳಿತ್ತು. ಅದೇ ತತ್ವ 2021ರಲ್ಲಿ 148ಎ ಆಗಿ ಕಾಯ್ದೆಯೊಳಗೇ ಬಂತು. ಎರಡು, ಮೇಲಧಿಕಾರಿಯ ಮಂಜೂರಾತಿ. ಈಗ ಹೆಚ್ಚುವರಿ ಅಥವಾ ಜಂಟಿ ಆಯುಕ್ತರ ದರ್ಜೆಯವರು ಕೊಡಬೇಕು. 2024ರ ಸೆಪ್ಟೆಂಬರ್‌ಗೆ ಮೊದಲಿನ ನೋಟಿಸ್ ಆಗಿದ್ದು ಮೂರು ವರ್ಷ ದಾಟಿದ್ದರೆ ಪ್ರಧಾನ ಮುಖ್ಯ ಆಯುಕ್ತರ ದರ್ಜೆಯ ಮಂಜೂರಾತಿ ಬೇಕಿತ್ತು. ತಪ್ಪು ದರ್ಜೆಯವರ ಸಹಿ ಇದೆ ಎಂಬ ಒಂದೇ ಕಾರಣಕ್ಕೆ ಬಿದ್ದ ನೋಟಿಸ್‌ಗಳು ಸಾಕಷ್ಟಿವೆ.

ನೋಟಿಸ್ ಸರಿಯಾಗಿ ತಲುಪಿಲ್ಲ ಎಂಬ ತಕರಾರಿದ್ದರೆ ಅಸೆಸ್‌ಮೆಂಟ್ ಮುಗಿಯುವ ಮೊದಲೇ ಎತ್ತಬೇಕು. ಸೆಕ್ಷನ್ 292ಬಿಬಿ ಇದೆ, ಆಮೇಲೆ ಕೇಳುವುದಿಲ್ಲ. ಮೇಲಿನ ಎಲ್ಲ ದಾಟಿ 148ರ ನೋಟಿಸ್ ಬಂದೇ ಬಂದರೆ ರಿಟರ್ನ್ ಸಲ್ಲಿಸಿ. ಹಟ ಹಿಡಿದು ಸಲ್ಲಿಸದೆ ಕೂತರೆ ಏಕಪಕ್ಷೀಯ ಆದೇಶ ಬರುತ್ತದೆ. ಆದೇಶಕ್ಕೂ ಮಿತಿ ಇದೆ: ನೋಟಿಸ್ ತಲುಪಿದ ಹಣಕಾಸು ವರ್ಷ ಮುಗಿದ 12 ತಿಂಗಳೊಳಗೆ. 2025-26ರಲ್ಲಿ ತಲುಪಿದ್ದರೆ 2027ರ ಮಾರ್ಚ್ 31. ಈ ದಿನವನ್ನೂ ಗೋಡೆ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ.

ಜಿಎಸ್‌ಟಿ ಲೆಕ್ಕ

ಇಲ್ಲಿ ಎಣಿಕೆ ಶುರುವಾಗುವುದು ವಾರ್ಷಿಕ ರಿಟರ್ನ್ ಸಲ್ಲಿಸಲು ಇದ್ದ ಕೊನೆ ದಿನದಿಂದ. 2023-24ರವರೆಗಿನ ವರ್ಷಗಳಿಗೆ ಸೆಕ್ಷನ್ 73 ಮತ್ತು 74. ವಂಚನೆ ಇಲ್ಲದ ಪ್ರಕರಣದಲ್ಲಿ ಮೂರು ವರ್ಷದೊಳಗೆ ಆದೇಶ, ಅದಕ್ಕೂ ಕನಿಷ್ಠ ಮೂರು ತಿಂಗಳು ಮೊದಲು ನೋಟಿಸ್. ವಂಚನೆ, ಸುಳ್ಳು, ಮುಚ್ಚಿಡುವಿಕೆ ಇದ್ದರೆ ಐದು ವರ್ಷ, ನೋಟಿಸ್ ಆರು ತಿಂಗಳು ಮೊದಲು. 2022-23ರ ವಾರ್ಷಿಕ ರಿಟರ್ನ್‌ನ ಕೊನೆ ದಿನ 2023ರ ಡಿಸೆಂಬರ್ 31. ಆದ್ದರಿಂದ ಸೆಕ್ಷನ್ 73ರ ಆದೇಶ 2026ರ ಡಿಸೆಂಬರ್ 31ರೊಳಗೆ ಬರಬೇಕು. 2024-25ರಿಂದ ಎರಡನ್ನೂ ಸೇರಿಸಿ 74ಎ ತಂದಿದ್ದಾರೆ. ನೋಟಿಸ್‌ಗೆ 42 ತಿಂಗಳು, ಅಲ್ಲಿಂದ ಆದೇಶಕ್ಕೆ 12 ತಿಂಗಳು, ಬೇಕಾದರೆ ಇನ್ನೂ ಆರು ತಿಂಗಳು ವಿಸ್ತರಣೆ.

73ರ ಗಡುವು ತಪ್ಪಿದಾಗ 74ರಲ್ಲಿ ನೋಟಿಸ್ ಬರುವುದುಂಟು. ಅಂಥದ್ದು ಬಂದರೆ ಒಳಗೆ ವಂಚನೆಯ ವಿವರ ಏನಿದೆ ಎಂದು ಹುಡುಕಿ. ಬರೀ "ಉದ್ದೇಶಪೂರ್ವಕವಾಗಿ ಮುಚ್ಚಿಟ್ಟಿದ್ದಾರೆ" ಎಂಬ ಒಂದು ಸಾಲಿದ್ದರೆ ಅದನ್ನೇ ಹಿಡಿಯಿರಿ. ನೀವು ರಿಟರ್ನ್‌ನಲ್ಲಿ ತೋರಿಸಿದ ಅಂಕಿಯಿಂದಲೇ ಅವರು ಲೆಕ್ಕ ತೆಗೆದಿದ್ದರೆ ಮುಚ್ಚಿಟ್ಟದ್ದು ಎಲ್ಲಿ? ಅಪೀಲಿನಲ್ಲಿ ವಂಚನೆಯ ಆರೋಪ ನಿಲ್ಲದಿದ್ದರೆ ಆ ನೋಟಿಸನ್ನು 73ರದ್ದೆಂದು ಹಿಡಿಯಬೇಕು ಎಂದು ಸೆಕ್ಷನ್ 75(2) ಹೇಳುತ್ತದೆ. ಆಗ 73ರ ನೋಟಿಸ್ ಗಡುವು ದಾಟಿದ್ದರೆ ಆ ವರ್ಷದ ಬೇಡಿಕೆ ಬೀಳುತ್ತದೆ. ಕೇಂದ್ರ ಪರೋಕ್ಷ ತೆರಿಗೆ ಮಂಡಳಿಯ 2022ರ ಡಿಸೆಂಬರ್‌ನ 185ನೇ ಸುತ್ತೋಲೆಯಲ್ಲೂ ಇದು ಇದೆ.

2018-19 ಮತ್ತು 2019-20ರ ಆದೇಶ ಕೈಯಲ್ಲಿರುವವರಿಗೆ ಬೇರೆ ಮಾತು. ಆ ವರ್ಷಗಳ ಗಡುವನ್ನು 2023ರಲ್ಲಿ ಅಧಿಸೂಚನೆಗಳ ಮೂಲಕ ಮುಂದೂಡಿದರು. 2018-19ಕ್ಕೆ 2024ರ ಏಪ್ರಿಲ್ 30, 2019-20ಕ್ಕೆ 2024ರ ಆಗಸ್ಟ್ 31. ಈ ಮುಂದೂಡಿಕೆ ಸರಿಯೇ ಎಂಬ ಬಗ್ಗೆ ಗುವಾಹಟಿ ಹೈಕೋರ್ಟ್ ಒಂದು ಹೇಳಿದರೆ ಅಲಹಾಬಾದ್ ಹೈಕೋರ್ಟ್ ಇನ್ನೊಂದು ಹೇಳಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿದೆ. ನಿಮ್ಮ ಅಪೀಲಿನಲ್ಲಿ ಈ ಆಧಾರವನ್ನು ಬರೆದಿಟ್ಟಿದ್ದರೆ ಮಾತ್ರ ಅಲ್ಲಿನ ತೀರ್ಪಿನ ಲಾಭ ಕೇಳಲು ಸುಲಭ.

ಹಿಂದಿನ ತಾರೀಖಿನಿಂದ ಬಂದ ಕಾನೂನು

ಈಗ ಎರಡನೇ ಪ್ರಶ್ನೆ. ಹಿಂದಿನಿಂದಲೇ ಜಾರಿಯಾಗುವಂತೆ ತೆರಿಗೆ ಕಾನೂನು ಮಾಡುವ ಅಧಿಕಾರ ಸಂಸತ್ತಿಗೆ, ವಿಧಾನಸಭೆಗೆ ಇದೆ. ಇದನ್ನು ಮೊದಲು ಒಪ್ಪಿಕೊಳ್ಳಬೇಕು. ಸಂವಿಧಾನದ 20(1)ನೇ ವಿಧಿ ತಡೆಯುವುದು ಹಿಂದಿನಿಂದ ಅಪರಾಧ ಎನಿಸಿ ಶಿಕ್ಷೆ ಕೊಡುವುದನ್ನು, ತೆರಿಗೆಯನ್ನಲ್ಲ. "ಆವಾಗ ಇರಲಿಲ್ಲ" ಎಂಬ ಒಂದೇ ವಾದ ಹಿಡಿದು ಹೋದರೆ ಬರಿಗೈಲಿ ವಾಪಸ್.

ಹಾಗಾದರೆ ಕೇಳಬೇಕಾದದ್ದು ಏನು?

ಮೊದಲು, ಅದು ನಿಜವಾಗಿ ಹಿಂದಿನಿಂದ ಜಾರಿಯಾಗಿದೆಯೇ ನೋಡಿ. ತಿದ್ದುಪಡಿ ಕಾಯ್ದೆಯಲ್ಲಿ "ಇಂಥ ದಿನದಿಂದ ಜಾರಿಯಲ್ಲಿತ್ತೆಂದು ಭಾವಿಸತಕ್ಕದ್ದು" ಎಂಬರ್ಥದ ಸಾಲು ಇದೆಯಾ? ಇಲ್ಲದಿದ್ದರೆ ಹೊಸ ಹೊರೆ ಮುಂದಿನ ವ್ಯವಹಾರಕ್ಕೆ ಮಾತ್ರ. 2014ರಲ್ಲಿ ವಾಟಿಕಾ ಟೌನ್‌ಶಿಪ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಇದನ್ನು ಖಚಿತವಾಗಿ ಹೇಳಿದೆ. "ಸ್ಪಷ್ಟೀಕರಣ" ಎಂಬ ಹೆಸರಿಟ್ಟು ಹೊಸ ಹೊರೆ ಹೊರಿಸಿದರೂ ಅದು ತಾನಾಗಿ ಹಿಂದಕ್ಕೆ ಓಡುವುದಿಲ್ಲ ಎಂದು 2021ರಲ್ಲಿ ಎಂ.ಎಂ. ಆಕ್ವಾ ಪ್ರಕರಣದಲ್ಲಿ ಮತ್ತೆ ಹೇಳಿತು. ಸಣ್ಣವರು ಗೆಲ್ಲಬಹುದಾದ ವಾದ ಇದು. ಕಾಯ್ದೆ ರದ್ದು ಮಾಡಿ ಎಂದು ಕೇಳಬೇಕಿಲ್ಲ, ಸರಿಯಾಗಿ ಓದಿ ಎಂದರೆ ಸಾಕು.

ಎರಡನೆಯದು, ಮುಗಿದುಹೋದ ಗಡುವನ್ನು ಹೊಸ ಕಾನೂನು ಎಬ್ಬಿಸಿದೆಯೇ? ಗಡುವು ಇನ್ನೂ ಓಡುತ್ತಿರುವಾಗ ಉದ್ದ ಮಾಡಿದರೆ ನಾವು ತಡೆಯಲಾರೆವು. ಆದರೆ ಒಮ್ಮೆ ಮುಗಿದದ್ದು, ಕಾಯ್ದೆ ಬಾಯಿಬಿಟ್ಟು ಹೇಳದ ಹೊರತು, ಮತ್ತೆ ಜೀವ ಪಡೆಯುವುದಿಲ್ಲ. ಒಣಗಿ ಸತ್ತ ಮೆಣಸಿನ ಬಳ್ಳಿಗೆ ಎಷ್ಟು ನೀರು ಹೊಯ್ದರೂ ಅಷ್ಟೇ. 1964ರ ಲಾಲ್ ಅಂಡ್ ಕಂಪನಿ ಪ್ರಕರಣದಿಂದ ಈ ಮಾತು ನಡೆದುಬಂದಿದೆ. 2021ರಲ್ಲಿ 148ಎಯ ಹೊಸ ಪದ್ಧತಿ ಬಂದಮೇಲೂ ಹಳೇ ಪದ್ಧತಿಯಲ್ಲಿ ಇಲಾಖೆ ಸುಮಾರು 90,000 ನೋಟಿಸ್ ಕಳಿಸಿತ್ತು. 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅವನ್ನು ಹೊಸ ಪದ್ಧತಿಯ ನೋಟಿಸ್‌ಗಳೆಂದು ಪರಿಗಣಿಸಿ ಉಳಿಸಿತು. ಆದರೆ 2024ರ ಅಕ್ಟೋಬರ್ 3ರ ತೀರ್ಪಿನ ಹೊತ್ತಿಗೆ, 2015-16ರ ಅಸೆಸ್‌ಮೆಂಟ್ ವರ್ಷಕ್ಕೆ 2021ರ ಏಪ್ರಿಲ್ 1ರಂದು ಅಥವಾ ಆಮೇಲೆ ಕೊಟ್ಟ ನೋಟಿಸ್‌ಗಳನ್ನು ಕೈಬಿಡಬೇಕಾಗುತ್ತದೆ ಎಂದು ಇಲಾಖೆಯೇ ಒಪ್ಪಿಕೊಂಡಿತು. ಮತ್ತೆ ತಾರೀಖೇ ಗೆದ್ದದ್ದು ನೋಡಿ.

ಮೂರನೆಯದು, ಕೋರ್ಟ್ ತೀರ್ಪನ್ನು ಮೀರಲು ತಂದ ಕಾನೂನೇ? ಶಾಸಕಾಂಗ "ಆ ತೀರ್ಪು ನಡೆಯದು" ಎಂದು ಸುಮ್ನೆ ಹೇಳುವಂತಿಲ್ಲ. ತೀರ್ಪು ಯಾವ ದೋಷದ ಮೇಲೆ ನಿಂತಿತ್ತೋ ಆ ದೋಷ ಸರಿಪಡಿಸಬೇಕು. 1969ರ ಪೃಥ್ವಿ ಕಾಟನ್ ಮಿಲ್ಸ್ ಪ್ರಕರಣದ ತತ್ವ ಇದು. ಅಲ್ಲಿ ದೋಷ ಸರಿಪಡಿಸಿದ್ದರಿಂದ ಕಾನೂನು ಉಳಿಯಿತು ಎಂಬುದನ್ನೂ ಮರೆಯಬೇಡಿ.

ಇದಕ್ಕೆ ಹತ್ತಿರದ ಉದಾಹರಣೆ ನಮ್ಮಲ್ಲಿ ಲಾಡ್ಜ್, ಗೋದಾಮು, ಕಲ್ಯಾಣ ಮಂಟಪ ಕಟ್ಟಿದವರದ್ದು. ಬಾಡಿಗೆಗೆ ಕೊಡಲು ಕಟ್ಟಿದ ಕಟ್ಟಡದ ಸಿಮೆಂಟು, ಕಬ್ಬಿಣದ ಮೇಲಿನ ಜಿಎಸ್‌ಟಿಯನ್ನು ಇನ್‌ಪುಟ್ ಕ್ರೆಡಿಟ್ ಆಗಿ, ಅಂದರೆ ಮುಂದೆ ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳಲು, ಪಡೆಯಬಹುದೇ ಎಂಬುದು ಪ್ರಶ್ನೆ. 2024ರ ಅಕ್ಟೋಬರ್ 3ರಂದು ಸಫಾರಿ ರಿಟ್ರೀಟ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕಿರಿದಾದ ಒಂದು ಬಾಗಿಲು ತೆರೆಯಿತು. ಕಾಯ್ದೆಯಲ್ಲಿ "ಪ್ಲಾಂಟ್ ಅಥವಾ ಮೆಷಿನರಿ" ಎಂದಿತ್ತು. ಕಟ್ಟಡದ ಕೆಲಸ ನೋಡಿ ಅದೂ 'ಪ್ಲಾಂಟ್' ಆಗಬಹುದು ಎಂದಿತು ಕೋರ್ಟ್. 2025ರ ಹಣಕಾಸು ಕಾಯ್ದೆ "ಅಥವಾ" ತೆಗೆದು "ಮತ್ತು" ಹಾಕಿತು, ಅದೂ 2017ರ ಜುಲೈ 1ರಿಂದಲೇ. ಒಂದು ಪದದಲ್ಲಿ ಬಾಗಿಲು ಮುಚ್ಚಿತು. ತೀರ್ಪು ನಂಬಿ ಕ್ರೆಡಿಟ್ ತೆಗೆದುಕೊಂಡವರಿದ್ದರೆ ಅಸಲು ವಾಪಸ್ ಕಟ್ಟಿ, ಬಡ್ಡಿ ಮತ್ತು ದಂಡದ ಮೇಲೆ ಹೋರಾಡುವುದು ಲೇಸು ಎಂಬುದು ನನ್ನ ಅಭಿಪ್ರಾಯ.

ಅಲ್ಲೇ ಇದೆ ನಾಲ್ಕನೆಯದು. ಹಿಂದಿನಿಂದ ತೆರಿಗೆ ಬರಬಹುದು, ಆದರೆ ಕಾನೂನೇ ಇಲ್ಲದ ದಿನಗಳಿಗೆ ಬಡ್ಡಿ ಹೇಗೆ? ಕಟ್ಟಬೇಕೆಂದು ಗೊತ್ತಿಲ್ಲದವ ತಪ್ಪಿತಸ್ಥ ಹೇಗಾಗುತ್ತಾನೆ? 2005ರಲ್ಲಿ ಸ್ಟಾರ್ ಇಂಡಿಯಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ವಾದ ಒಪ್ಪಿತು. ಗಣಿ ತೆರಿಗೆಯ 2024ರ ತೀರ್ಪಿನಲ್ಲೂ ಇದೇ ಛಾಯೆ ಇದೆ. ಖನಿಜದ ಮೇಲೆ ರಾಜ್ಯಗಳು ತೆರಿಗೆ ಹಾಕಬಹುದು ಎಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿತು. ಆದರೆ 2005ರ ಏಪ್ರಿಲ್ 1ಕ್ಕೆ ಹಿಂದಿನದ್ದು ಕೇಳಬೇಡಿ, 2024ರ ಜುಲೈ 25ಕ್ಕೆ ಮೊದಲಿನ ಬಾಕಿಯ ಬಡ್ಡಿ ದಂಡ ಮನ್ನಾ, ಬಾಕಿ 12 ವರ್ಷದ ಕಂತಿನಲ್ಲಿ ಎಂದಿತು. ಕ್ರಷರ್, ಕಲ್ಲುಕ್ವಾರಿ ನಡೆಸುವವರು ಇದನ್ನು ನೆನಪಿಟ್ಟುಕೊಳ್ಳಿ.

ಹಿಂದಿನಿಂದ ಬರುವ ಕಾನೂನು ಯಾವಾಗಲೂ ಶತ್ರುವೂ ಅಲ್ಲ. 2017-18ರಿಂದ 2020-21ರವರೆಗೆ ರಿಟರ್ನ್ ತಡವಾಗಿ ಸಲ್ಲಿಸಿ ಕ್ರೆಡಿಟ್ ಕಳೆದುಕೊಂಡ ಸಣ್ಣ ವ್ಯಾಪಾರಿಗಳಿಗೆ 2024ರಲ್ಲಿ ಸೆಕ್ಷನ್ 16(5) ಸೇರಿಸಿ, 2021ರ ನವೆಂಬರ್ 30ರೊಳಗೆ ಸಲ್ಲಿಸಿದ್ದರೆ ಕ್ರೆಡಿಟ್ ಉಂಟು ಎಂದರು. ಅದೂ 2017ರ ಜುಲೈ 1ರಿಂದಲೇ ಜಾರಿ. ಈ ಕಾರಣದ ಅಪೀಲು ಬಾಕಿ ಇದ್ದರೆ ಇದನ್ನು ಎತ್ತಿ ಹೇಳಿ.

ಮೊಬೈಲ್ ಕಂಪನಿ ವೊಡಾಫೋನ್‌ನ ತೆರಿಗೆ ಕೇಸಿನ ದೊಡ್ಡ ಕಥೆ ಎಲ್ಲರಿಗೂ ಗೊತ್ತು. 2012ರ ಜನವರಿಯಲ್ಲಿ ಕಂಪನಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದಿತು. ಅದೇ ವರ್ಷ ಸಂಸತ್ತು 1962ರಿಂದಲೇ ಎಂದು ಕಾನೂನು ಬದಲಿಸಿತು. 2021ರಲ್ಲಿ ಸರ್ಕಾರವೇ ಆ ಬೇಡಿಕೆಗಳನ್ನು ಕೈಬಿಡಲು ಕಾಯ್ದೆ ತಂದಿತು. ನಡುವೆ ಅಂತಾರಾಷ್ಟ್ರೀಯ ಮಧ್ಯಸ್ಥಿಕೆಯಲ್ಲಿ ಸರ್ಕಾರ ಸೋತಿತ್ತು. ಆ ದಾರಿ ವಿದೇಶಿ ಹೂಡಿಕೆದಾರರಿಗೆ, ಸಾಗರದ ಮಂಡಿಯವರಿಗಲ್ಲ.

ಎಲ್ಲಿಗೆ ಹೋಗಬೇಕು, ಎಷ್ಟು ದಿನದೊಳಗೆ

ಅಪೀಲು ಪ್ರಾಧಿಕಾರ ಕಾಯ್ದೆಯನ್ನು ರದ್ದು ಮಾಡಲಾರದು. ಅದಕ್ಕೆ 226ನೇ ವಿಧಿಯಲ್ಲಿ ಹೈಕೋರ್ಟಿಗೆ ರಿಟ್ ಅರ್ಜಿ. ಕಾನೂನಿನ ಸಿಂಧುತ್ವ, ಅಧಿಕಾರವೇ ಇಲ್ಲದ ಕ್ರಮ, ಸಹಜ ನ್ಯಾಯದ ಉಲ್ಲಂಘನೆ, ಮೂಲಭೂತ ಹಕ್ಕು: ಇವುಗಳಲ್ಲಿ ಒಂದಿದ್ದರೆ ಅಪೀಲು ಇದ್ದರೂ ರಿಟ್ ಕೇಳಬಹುದು ಎಂದು 1998ರ ವರ್ಲ್‌ಪೂಲ್ ತೀರ್ಪು ಹೇಳುತ್ತದೆ. ಲೆಕ್ಕದ ಜಗಳ ಮಾತ್ರ ಇದ್ದರೆ ಹೈಕೋರ್ಟ್ ವಾಪಸ್ ಕಳಿಸುತ್ತದೆ.

ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಯವರಿಗೆ ಬೆಂಗಳೂರಿನ ಪ್ರಧಾನ ಪೀಠ. ಸಾಗರ ದಾಟಿ ಸಿದ್ದಾಪುರ, ಶಿರಸಿ ಕಡೆ ಹೋದರೆ ಅದು ಉತ್ತರ ಕನ್ನಡ, ಅವರಿಗೆ ಧಾರವಾಡ ಪೀಠ. ಶಿವಮೊಗ್ಗ, ಚಿಕ್ಕಮಗಳೂರಿನವರಿಗೆ ಆದಾಯ ತೆರಿಗೆ ನ್ಯಾಯಮಂಡಳಿ ಬೆಂಗಳೂರಿನಲ್ಲಿದೆ. ಆದಾಯ ತೆರಿಗೆಯ ಮೊದಲ ಅಪೀಲು ಬಹುತೇಕ ಆನ್‌ಲೈನ್‌ನಲ್ಲೇ ನಡೆಯುತ್ತದೆ, ಊರು ಬಿಡುವ ಕೆಲಸ ಇಲ್ಲ.

ಗಡುವುಗಳು: ಆದಾಯ ತೆರಿಗೆಯ ಮೊದಲ ಅಪೀಲಿಗೆ 30 ದಿನ, ಶುಲ್ಕ ಹೆಚ್ಚೆಂದರೆ 1,000 ರೂಪಾಯಿ. ಸರಿಯಾದ ಕಾರಣ ಇದ್ದರೆ ತಡವನ್ನು ಮನ್ನಿಸುತ್ತಾರೆ. ಬೇಡಿಕೆಗೆ ತಡೆ ಬೇಕೆಂದರೆ ಸಾಮಾನ್ಯವಾಗಿ 20 ಶೇಕಡಾ ಕಟ್ಟಿ ಎನ್ನುತ್ತಾರೆ. ಜಿಎಸ್‌ಟಿಯಲ್ಲಿ ಮೂರು ತಿಂಗಳು, ವಿವಾದದ ತೆರಿಗೆಯ 10 ಶೇಕಡಾ ಮುಂಗಡ. ತಡವಾದರೆ ಇನ್ನೊಂದೇ ತಿಂಗಳು, ಅದರಾಚೆ ಮನ್ನಿಸುವ ಅಧಿಕಾರ ಅವರಿಗಿಲ್ಲ. ಆ ಗಡುವೂ ಕಳೆದ ಮೇಲೆ ರಿಟ್ ಹಾಕಿ ತಪ್ಪಿಸಿಕೊಳ್ಳಲು ಬಂದವರನ್ನು ಹೈಕೋರ್ಟುಗಳು ಒಳಗೆ ಬಿಡಬಾರದು ಎಂದು 2020ರಲ್ಲಿ ಗ್ಲಾಕ್ಸೊ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದಕ್ಕೇ ದೊಡ್ಡ ಸಂವಿಧಾನದ ಕೇಸು ಹಾಕುವ ಉತ್ಸಾಹ ಇದ್ದವರೂ ಗಡುವಿನೊಳಗೆ ಸಾದಾ ಅಪೀಲು ಸಲ್ಲಿಸಿರಿ, ಅಥವಾ ಆ ಗಡುವಿನೊಳಗೇ ರಿಟ್ ದಾಖಲಿಸಿರಿ. ದುಡ್ಡು ಕಟ್ಟಲೇಬೇಕಾಗಿ ಬಂದರೆ "ಆಕ್ಷೇಪ ಉಳಿಸಿಕೊಂಡು ಕಟ್ಟುತ್ತಿದ್ದೇನೆ" ಎಂದು ಪತ್ರ ಬರೆದು ಸ್ವೀಕೃತಿ ಪಡೆಯಿರಿ. ನಾಳೆ ಗೆದ್ದರೆ ವಾಪಸ್ ಕೇಳಲು ಅದು ಬೇಕು.

ವಕೀಲರ ಹತ್ತಿರ ಹೋಗುವಾಗ ಒಯ್ಯಬೇಕಾದದ್ದು: ನೋಟಿಸ್ ಬಂದ ಮೂಲ ಇ-ಮೇಲ್, ಪೋರ್ಟಲ್‌ನಲ್ಲಿ ಏರಿಸಿದ ದಿನ ಕಾಣುವ ಚಿತ್ರ, ನಿಮ್ಮ ಉತ್ತರ ಮತ್ತು ಅದರ ಸ್ವೀಕೃತಿ, ಮಂಜೂರಾತಿ ಪ್ರತಿ, ಆ ವರ್ಷದ ಪೂರ್ತಿ ಬ್ಯಾಂಕ್ ಸ್ಟೇಟ್‌ಮೆಂಟ್, ಮಂಡಿ ಪಟ್ಟಿಗಳು, ಪಹಣಿ. ಬ್ಯಾಂಕುಗಳು ಬಹಳ ಹಳೆಯ ಸ್ಟೇಟ್‌ಮೆಂಟ್ ಕೊಡಲು ಸತಾಯಿಸುತ್ತವೆ, ಪ್ರತಿ ಏಪ್ರಿಲ್‌ನಲ್ಲಿ ಹಿಂದಿನ ವರ್ಷದ್ದನ್ನು ಇಳಿಸಿ ಇಟ್ಟುಬಿಡಿ. ಪಟ್ಟಿಗಳನ್ನು ಮಳೆಗಾಲಕ್ಕೆ ಮೊದಲೇ ಫೋಟೋ ತೆಗೆದಿಡಿ. ಅಟ್ಟದ ಮೇಲಿನ ಕಾಗದಕ್ಕೆ ಎರಡು ಆಷಾಢ ಕಳೆದರೆ ಅಕ್ಷರ ಉಳಿದಿರುವುದಿಲ್ಲ. ಐದೂಕಾಲು ವರ್ಷದ ಎಣಿಕೆ ಅಸೆಸ್‌ಮೆಂಟ್ ವರ್ಷ ಮುಗಿದಮೇಲೆ ಶುರು ಆಗುವುದರಿಂದ, ಅಡಿಕೆ ಮಾರಿದ ಹಣಕಾಸು ವರ್ಷ ಮುಗಿದಮೇಲೆ ಏಳು ವರ್ಷದ ಕಾಗದ ಕೈಯಲ್ಲಿದ್ದರೆ ಸಾಕು. ಕೇಸು ನಡೆಯುತ್ತಿದ್ದರೆ ಮುಗಿಯುವವರೆಗೂ.